ಜಿಲ್ಲೆಗೆಲ್ಲ ಒಂದೇ ಚಳಿಯಲ್ಲ

ಪುಷ್ಯ ಮಾಸ ಕಾಲಿಡುತ್ತಿದ್ದಂತೆ ದಿನಪತ್ರಿಕೆಗಳಲ್ಲಿ ಚಿತ್ರದುರ್ಗದ ಹೆಸರಿನ ಮುಂದೆ ಅಚ್ಚಾಗುವ ಕನಿಷ್ಠ ಉಷ್ಣತೆಯ ಅಂಕಿಯನ್ನು ನಾವೆಲ್ಲರೂ ಕುತೂಹಲದಿಂದ ನೋಡುತ್ತೇವೆ. ಹದಿನಾರು ಎಂದಿದ್ದರೆ ಸಮಾಧಾನ, ಹನ್ನೆರಡು ಎಂದಿದ್ದರೆ ಅಚ್ಚರಿ. ಆ ಅಂಕಿ ಸುಳ್ಳಲ್ಲ. ಭಾರತೀಯ ಹವಾಮಾನ ಇಲಾಖೆಯ ವೀಕ್ಷಣಾಲಯದಲ್ಲಿ, ಗಾಳಿಯಾಡುವ ನೆರಳಿನ ಪೆಟ್ಟಿಗೆಯೊಳಗೆ ಇರಿಸಿದ ಉಷ್ಣಮಾಪಕದಿಂದ ಕ್ರಮಬದ್ಧವಾಗಿ ಪಡೆದ ಅಂಕಿ ಅದು. ಆದರೆ ಅದು ಆ ವೀಕ್ಷಣಾಲಯದ ಆವರಣದ ಚಳಿ. ಹೊಸದುರ್ಗದ ತೆಂಗಿನ ತೋಟದ ತಗ್ಗಿನಲ್ಲಿರುವ ಮನೆಗೂ, ಹೊಳಲ್ಕೆರೆಯ ಗುಡ್ಡದ ಓರೆಯ ಹಟ್ಟಿಗೂ, ವೇದಾವತಿಯ ದಡದ ಹಿರಿಯೂರಿನ ಬೀದಿಗೂ ಅದನ್ನೇ ಅನ್ವಯಿಸಿಕೊಂಡು ನಿಶ್ಚಿಂತರಾಗಿರುವುದು ಆರೋಗ್ಯದ ದೃಷ್ಟಿಯಿಂದ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಪ್ರತಿ ಊರೂ ತನ್ನ ಚಳಿಯನ್ನು ತಾನೇ ಅಳೆದುಕೊಳ್ಳಬೇಕು. ಆ ಅಳತೆಗೆ ತಕ್ಕಂತೆ ಹಸುಗೂಸು, ಬಾಣಂತಿ, ವೃದ್ಧರು ಮತ್ತು ವಿದ್ಯಾರ್ಥಿನಿಲಯದ ಮಕ್ಕಳ ದಿನಚರಿಯನ್ನು ತಿದ್ದಿಕೊಳ್ಳಬೇಕು. ಈ ಲೇಖನದ ಆಗ್ರಹ ಇಷ್ಟೇ.

ನಮ್ಮ ಜಿಲ್ಲೆಯ ನೆಲವನ್ನು ಒಮ್ಮೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳೋಣ. ವಾಯವ್ಯದಿಂದ ಆಗ್ನೇಯದ ಕಡೆಗೆ ಬೆಟ್ಟಗಳ ಸಾಲೊಂದು ಜಿಲ್ಲೆಯ ನಡುವೆ ಹಾದುಹೋಗಿದೆ. ಬಾಬಾಬುಡನ್‌ಗಿರಿಯ ಕಡೆಯಿಂದ ಇಳಿದು ಬರುವ ವೇದಾವತಿ ಹೊಸದುರ್ಗ ತಾಲ್ಲೂಕನ್ನು ದಾಟಿ, ಆ ಬೆಟ್ಟಸಾಲಿನ ಮಾರಿಕಣಿವೆಯ ಸಂದಿನಲ್ಲಿ ನುಸುಳಿ ಹಿರಿಯೂರಿನ ಬಯಲಿಗೆ ಬೀಳುತ್ತದೆ. ಅದೇ ಸಂದಿಗೆ ಅಡ್ಡಲಾಗಿ 1907ರಲ್ಲಿ ವಾಣಿವಿಲಾಸ ಸಾಗರದ ಅಣೆಕಟ್ಟು ಪೂರ್ಣಗೊಂಡಿತು. ಚಿತ್ರದುರ್ಗ ನಗರ ಸಮುದ್ರಮಟ್ಟದಿಂದ ಸುಮಾರು 730 ಮೀಟರು ಎತ್ತರದಲ್ಲಿದೆ. ಹಿರಿಯೂರು ಅದಕ್ಕಿಂತ ಸುಮಾರು ನೂರು ಮೀಟರು ಕೆಳಗಿದೆ. ನಗರದ ಬೆನ್ನಿಗಿರುವ ಜೋಗಿಮಟ್ಟಿ ಸಾವಿರ ಮೀಟರಿಗೂ ಮೇಲಕ್ಕೆ ಏರುತ್ತದೆ. ಹೊಳಲ್ಕೆರೆಯ ಕಡೆ ಮಳೆ ಹೆಚ್ಚು, ಅಡಿಕೆ ತೋಟಗಳುಂಟು. ಹಿರಿಯೂರಿನ ಕಡೆ ಮಳೆ ಕಡಿಮೆ, ಬಯಲು ಹೆಚ್ಚು. ಒಂದೆರಡು ಗಂಟೆಯ ಬಸ್ಸಿನ ಪ್ರಯಾಣದೊಳಗೆ ಬಂಡೆ, ಕಣಿವೆ, ಕೆರೆ, ತೋಟ, ಬಯಲು ಎಲ್ಲವೂ ಬಂದುಹೋಗುತ್ತವೆ. ನೆಲ ಇಷ್ಟು ಬಗೆಯದಾಗಿರುವಾಗ ಚಳಿ ಮಾತ್ರ ಒಂದೇ ಬಗೆಯದಾಗಿರಲು ಹೇಗೆ ಸಾಧ್ಯ?

ಎತ್ತರ ಹೆಚ್ಚಿದಂತೆ ಚಳಿ ಹೆಚ್ಚುತ್ತದೆ ಎಂಬುದು ಶಾಲೆಯಲ್ಲಿ ಕಲಿತ ಪಾಠ. ಸರಾಸರಿಯಾಗಿ ಸಾವಿರ ಮೀಟರು ಏರಿದರೆ ಆರೂವರೆ ಡಿಗ್ರಿ ಇಳಿಯುತ್ತದೆ. ಆ ಲೆಕ್ಕದ ಪ್ರಕಾರ ಹಿರಿಯೂರು ಚಿತ್ರದುರ್ಗಕ್ಕಿಂತ ಅರ್ಧ ಡಿಗ್ರಿಗೂ ತುಸು ಹೆಚ್ಚು ಬೆಚ್ಚಗಿರಬೇಕು. ಹಗಲಿನಲ್ಲಿ ಈ ಲೆಕ್ಕ ಬಹುಮಟ್ಟಿಗೆ ನಿಜ. ಆದರೆ ಮೋಡವಿಲ್ಲದ, ಗಾಳಿ ನಿಂತ ಮಾಗಿಯ ರಾತ್ರಿಯಲ್ಲಿ ಈ ಪಾಠ ತಲೆಕೆಳಗಾಗುತ್ತದೆ. ಸೂರ್ಯ ಮುಳುಗಿದ ಮೇಲೆ ನೆಲ ಹಗಲು ಪಡೆದ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವಿದ್ದರೆ ಅದು ಹೊದಿಕೆಯಂತೆ ಆ ಶಾಖದ ಒಂದಷ್ಟನ್ನು ಹಿಂದಿರುಗಿಸುತ್ತದೆ. ಮೋಡವಿಲ್ಲದೆ, ಗಾಳಿಯೂ ಒಣಗಿದ್ದರೆ ಶಾಖ ತಡೆಯಿಲ್ಲದೆ ಹೋಗಿಬಿಡುತ್ತದೆ. ನೆಲ ತಣ್ಣಗಾದಂತೆ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಭಾರವಾದ ಗಾಳಿ ನೀರಿನಂತೆಯೇ ಇಳಿಜಾರಿನಲ್ಲಿ ಹರಿದು ಹಳ್ಳದಲ್ಲಿ, ಕೆರೆಯ ಹಿಂದಣ ತಗ್ಗಿನಲ್ಲಿ, ಒಡ್ಡು ಕಟ್ಟಿದ ಹೊಲದಲ್ಲಿ ನಿಲ್ಲುತ್ತದೆ. ಬೆಳಗಿನ ಜಾವದ ಹೊತ್ತಿಗೆ ಗುಡ್ಡದ ಓರೆಯ ಮನೆಗಿಂತ ಅದರ ಬುಡದ ತಗ್ಗಿನ ಮನೆ ಹಲವು ಡಿಗ್ರಿಗಳಷ್ಟು ತಣ್ಣಗಿರುವುದು ಜಗತ್ತಿನ ಎಲ್ಲ ಗುಡ್ಡಗಾಡುಗಳಲ್ಲಿ ಅಳೆದು ತಿಳಿದ ಸಂಗತಿ. ಕುರಿ ಮೇಯಿಸುವವರು ರೊಪ್ಪಕ್ಕೆ ಹಳ್ಳದ ತಳವನ್ನು ಬಿಟ್ಟು ತುಸು ಏರಿದ ಜಾಗವನ್ನು ಆರಿಸುವುದರ ಹಿಂದೆ ಇದೇ ತಿಳಿವಳಿಕೆ ಇದೆ.

ಇದಕ್ಕೆ ಸ್ಥಳೀಯವಾದ ಇನ್ನೂ ಕೆಲವು ಕಾರಣಗಳು ಸೇರುತ್ತವೆ. ದುರ್ಗದ ಕೋಟೆಯ ಸುತ್ತಣ ಹೆಬ್ಬಂಡೆಗಳು ಹಗಲು ಕಾದ ಶಾಖವನ್ನು ರಾತ್ರಿ ನಿಧಾನವಾಗಿ ಬಿಡುತ್ತವೆ. ಕಾಂಕ್ರೀಟಿನ ಕಟ್ಟಡಗಳು ಒತ್ತಾಗಿರುವ ಪೇಟೆಬೀದಿಗಳೂ ಹಾಗೆಯೇ. ದೊಡ್ಡ ಜಲರಾಶಿ ತನ್ನ ದಂಡೆಯ ರಾತ್ರಿಯನ್ನು ತುಸು ಬೆಚ್ಚಗಿಡುತ್ತದೆ. 1933ರ ಬಳಿಕ 2022ರಲ್ಲಿ ಕೋಡಿ ಹರಿದ ವಾಣಿವಿಲಾಸ ಸಾಗರದ ತುಂಬಿದ ವರ್ಷದ ದಂಡೆಗೂ, ನೀರು ಹಿಂದೆ ಸರಿದು ನೆಲ ಬಿರಿದ ಬರಗಾಲದ ದಂಡೆಗೂ ಚಳಿ ಒಂದೇ ಆಗಿರಲಾರದು. ಬಯಲು ನೆಲದ ವಿಷಯದಲ್ಲಿ ನಮ್ಮ ದೇಶದವರೇ ಕಂಡುಹಿಡಿದ ಒಂದು ಸೂಕ್ಷ್ಮವೂ ಇದೆ. ಹವಾಮಾನ ವಿಜ್ಞಾನಿ ಎಲ್. ಎ. ರಾಮದಾಸ್ ಅವರು 1932ರಲ್ಲಿ ತೋರಿಸಿಕೊಟ್ಟಂತೆ, ಗಾಳಿ ನಿಂತ ನಿರ್ಮಲ ರಾತ್ರಿಯಲ್ಲಿ ಬರಿನೆಲದ ಮೇಲೆ ಅತ್ಯಂತ ತಣ್ಣನೆಯ ಗಾಳಿ ಇರುವುದು ನೆಲಕ್ಕೆ ತಾಗಿ ಅಲ್ಲ. ಗೇಣು ಮೊಳದಷ್ಟು ಮೇಲೆ. ಬೆಂಗಳೂರಿನಲ್ಲಿ ರೊದ್ದಂ ನರಸಿಂಹ ಮತ್ತು ಅವರ ಸಹೋದ್ಯೋಗಿಗಳು ಇದರ ಕಾರಣವನ್ನು ಮುಂದೆ ವಿವರಿಸಿದರು. ಜಾತ್ರೆಯ ಬಯಲಿನಲ್ಲಿ, ಕಣದಲ್ಲಿ ಮಲಗಿದವರ ಮೈಯೂ ಕುಳಿತವರ ಸೊಂಟವೂ ಇರುವುದು ಹೆಚ್ಚುಕಡಿಮೆ ಆ ಪದರಿನಲ್ಲಿಯೇ.

ಇಷ್ಟರಿಂದ, ತಗ್ಗಿನವರಿಗೆ ಮಾತ್ರ ಚಳಿ, ಗುಡ್ಡದವರಿಗೆ ಸುಖ ಎಂದು ಯಾರೂ ಭಾವಿಸಬಾರದು. ನಮ್ಮ ಸೀಮೆಯಲ್ಲಿ ಎರಡು ಬಗೆಯ ಚಳಿಗಳಿವೆ ಎಂದು ಹೇಳುವುದು ಹೆಚ್ಚು ಸರಿ. ಒಂದು ಗಾಳಿಯ ಚಳಿ. ಇನ್ನೊಂದು ತಗ್ಗಿನ ಚಳಿ. ಜೋಗಿಮಟ್ಟಿಯ ನೆತ್ತಿಯ ಮೇಲೆ ಗಾಳಿಯಂತ್ರಗಳನ್ನು ನೆಟ್ಟಿರುವುದೇ ಅಲ್ಲಿನ ಗಾಳಿಯ ಬಲಕ್ಕೆ ಸಾಕ್ಷಿ. ಮೈಯ ಸುತ್ತ ನಾವೇ ಕಾಯಿಸಿಕೊಂಡ ತೆಳ್ಳನೆಯ ಗಾಳಿಯ ಪದರವನ್ನು ಬೀಸುಗಾಳಿ ಕ್ಷಣಕ್ಷಣಕ್ಕೂ ಹೊತ್ತೊಯ್ಯುತ್ತದೆ. ಮಾಪಕ ಹದಿನೈದು ತೋರಿಸಿದರೂ ಮೈಗೆ ಅದಕ್ಕಿಂತ ಕಡಿಮೆ ಎನಿಸುತ್ತದೆ. ತಗ್ಗಿನ ಚಳಿಯಲ್ಲಿ ಗಾಳಿಯ ಸದ್ದಿಲ್ಲ, ಎಲೆಯೂ ಅಲುಗದು. ಆದ್ದರಿಂದಲೇ ಅದು ನಮ್ಮ ಗಮನಕ್ಕೆ ಬಾರದೆ ಮನೆಯೊಳಗೆ ಸೇರುತ್ತದೆ. ಮೊದಲನೆಯದಕ್ಕೆ ಗಾಳಿ ತಡೆಯುವ ಬಿಗಿ ನೇಯ್ಗೆಯ ಹೊರವಸ್ತ್ರ, ಕಿವಿ ಮುಚ್ಚುವ ರುಮಾಲು ಬೇಕು. ಎರಡನೆಯದಕ್ಕೆ ನೆಲದಿಂದ ಎತ್ತರದ ಮಂಚ, ಮೈ ಕೆಳಗೂ ಒಂದು ಕಂಬಳಿ, ಸಂದು ಮುಚ್ಚಿದ ಬಾಗಿಲು ಬೇಕು. ಯಾವ ಊರಿಗೆ ಯಾವ ಚಳಿ ಎಂದು ತಿಳಿಯದೆ ಆರೈಕೆಯನ್ನು ಸೂಚಿಸಲಾಗದು.

ನಮ್ಮದೇನು ಕಾಶ್ಮೀರವೇ ಎಂದು ಕೇಳುವವರುಂಟು. ಡಿಸೆಂಬರ್, ಜನವರಿಯಲ್ಲಿ ಚಿತ್ರದುರ್ಗದ ಕನಿಷ್ಠ ಉಷ್ಣತೆಯ ಸರಾಸರಿ ಹದಿನಾರು ಡಿಗ್ರಿಯ ಆಸುಪಾಸಿನಲ್ಲಿರುವುದು ನಿಜ. ಹವಾಮಾನ ಇಲಾಖೆಯ ನಿಯಮದಂತೆ ಬಯಲುನಾಡಿನಲ್ಲಿ ಶೀತಗಾಳಿ ಎಂದು ಸಾರಬೇಕಾದರೆ ಕನಿಷ್ಠ ಉಷ್ಣತೆ ಹತ್ತು ಡಿಗ್ರಿ ಅಥವಾ ಅದಕ್ಕೂ ಕೆಳಗಿಳಿದು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಕಡಿಮೆಯಾಗಿರಬೇಕು. ಅಂತಹ ದಿನ ನಮ್ಮಲ್ಲಿ ಬಲು ಅಪರೂಪ. ಹೀಗಾಗಿ ನಮಗೆ ಎಚ್ಚರಿಕೆಯೂ ಬಾರದು, ಎಚ್ಚರವೂ ಮೂಡದು. ಆದರೆ ಕಾಯಿಲೆ ಆ ಗೆರೆಗಾಗಿ ಕಾಯುವುದಿಲ್ಲ. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ, 13 ದೇಶಗಳ 7 ಕೋಟಿ 40 ಲಕ್ಷ ಸಾವುಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ ಶೇಕಡಾ 7.29ರಷ್ಟು ಸಾವುಗಳು ಚಳಿಗೂ, ಶೇಕಡಾ 0.42ರಷ್ಟು ಬಿಸಿಲಿಗೂ ಸಂಬಂಧಿಸಿದ್ದವು. ಆ ಸಾವುಗಳಲ್ಲಿ ಹೆಚ್ಚಿನವು ಕಡುಚಳಿಯಿಂದಲ್ಲ, ಮಿತವಾದ ಚಳಿಯಿಂದ ಆದಂಥವು. ಆ ಪಟ್ಟಿಯಲ್ಲಿ ಭಾರತವಿರಲಿಲ್ಲ. ಆದರೆ ನಮ್ಮ ದೇಶದ ಸಾವುಗಳನ್ನೇ ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ದಿಕ್ಕಿನ ಮಾತನ್ನು ಹೇಳಿತು: ಮಿತವಾದ ಚಳಿಯ ಹೊರೆಯೇ ಹೆಚ್ಚು, ಪಾರ್ಶ್ವವಾಯು, ಹೃದಯಾಘಾತ ಮತ್ತು ಶ್ವಾಸದ ಕಾಯಿಲೆಗಳಲ್ಲಿ ಅದು ಎದ್ದು ಕಾಣುತ್ತದೆ. ಕಡುಚಳಿಯ ನಾಡಿನವರು ಗೋಡೆ, ಉಡುಪು, ಅಗ್ಗಿಷ್ಟಿಕೆಗಳಿಂದ ಸಿದ್ಧರಾಗಿರುತ್ತಾರೆ. ನಮ್ಮ ಮನೆಗಳನ್ನು ಕಟ್ಟಿರುವುದು ಬೇಸಗೆಗಾಗಿ.

ಚಳಿ ದೇಹಕ್ಕೆ ಮಾಡುವುದೇನು? ಚರ್ಮದ ರಕ್ತನಾಳಗಳು ಸಂಕುಚಿಸುತ್ತವೆ, ರಕ್ತದೊತ್ತಡ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಒಲವು ಹೆಚ್ಚುತ್ತದೆ, ಹೃದಯದ ದುಡಿಮೆ ಭಾರವಾಗುತ್ತದೆ. ಬೆಳಗಿನ ಜಾವದಲ್ಲಿ ರಕ್ತದೊತ್ತಡ ಸಹಜವಾಗಿಯೇ ಏರುವ ಸಮಯ. ದಿನದ ಅತ್ಯಂತ ಚಳಿಯ ಗಳಿಗೆಯೂ ಅದೇ. ಚಳಿ ಪರಾಕಾಷ್ಠೆಗೆ ಮುಟ್ಟುವುದು ನಡುರಾತ್ರಿಯಲ್ಲಿ ಅಲ್ಲ, ಸೂರ್ಯೋದಯದ ಹೊತ್ತಿಗೆ. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಏಳಕ್ಕೆ ಸುಮಾರು ಹತ್ತು ನಿಮಿಷ ಮೊದಲು. ರಕ್ತದೊತ್ತಡ, ಹೃದ್ರೋಗ ಉಳ್ಳ ಹಿರಿಯರು ಐದು ಗಂಟೆಗೆ ಕೆರೆಯ ಏರಿಯ ಮೇಲೆ ವಾಯುವಿಹಾರಕ್ಕೆ ಹೊರಡುವುದು ಈ ಎರಡು ಅಪಾಯಗಳನ್ನೂ ಒಟ್ಟಿಗೆ ಎದುರುಗೊಂಡಂತೆ. ಅವರು ಈ ಎರಡು ತಿಂಗಳು ಎಳೆಬಿಸಿಲು ಬಂದ ಮೇಲೆ, ಏಳೂವರೆಯ ನಂತರ ನಡೆದರೆ ನಡಿಗೆಯ ಫಲವೇನೂ ಕಡಿಮೆಯಾಗದು.

ತಗ್ಗಿನ ಊರುಗಳಿಗೆ ಇನ್ನೊಂದು ಕಷ್ಟವುಂಟು. ಕೆಳಗೆ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯ ಗಾಳಿ ಇದ್ದಾಗ ಹೊಗೆ ಮೇಲೇರಲಾರದು. ನೀರೊಲೆಯ ತೆಂಗಿನ ಸೋಗೆ, ತೋಟದ ಕಸ, ಬೀದಿಯ ಪ್ಲಾಸ್ಟಿಕ್ಕಿನ ಹೊಗೆಯೆಲ್ಲ ಊರಿನ ಮೇಲೆ ಹಾಸಿಕೊಂಡು ಬಿಸಿಲೇರುವ ತನಕ ನಿಲ್ಲುತ್ತದೆ. ತಣ್ಣನೆಯ ಒಣಗಾಳಿಯೇ ಅಸ್ತಮಾ ರೋಗಿಯ ಶ್ವಾಸನಾಳವನ್ನು ಬಿಗಿಗೊಳಿಸುತ್ತದೆ. ಅದಕ್ಕೆ ಹೊಗೆಯೂ ಸೇರಿದರೆ ಕೆಮ್ಮು, ಉಬ್ಬಸ ತಪ್ಪಿದ್ದಲ್ಲ. ಮಾಗಿಯಲ್ಲಿ ಬೆಳಗಿನ ಹೊತ್ತು ಕಸ ಸುಡಬಾರದೆಂಬ ಒಂದು ನಿಯಮವನ್ನು ಗ್ರಾಮ ಪಂಚಾಯಿತಿಗಳು ಪಾಲಿಸಿದರೆ ಅದೇ ದೊಡ್ಡ ಔಷಧ. ಬಾಗಿಲು ಕಿಟಕಿ ಮುಚ್ಚಿ ಕೋಣೆಯೊಳಗೆ ಇದ್ದಿಲ ಕೆಂಡವಿಟ್ಟು ಮಲಗುವುದು, ಗಾಳಿಯಾಡದ ಸ್ನಾನದ ಕೋಣೆಯಲ್ಲಿ ಗ್ಯಾಸ್ ಗೀಸರ್ ಉರಿಸುವುದು ಇನ್ನೂ ಘೋರ. ಅವುಗಳಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ನಿದ್ರೆಯಲ್ಲಿರುವವರನ್ನು ಅದು ಎಚ್ಚರಿಸದೆಯೇ ಕೊಲ್ಲುತ್ತದೆ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರು ಬೆಂಕಿಗೆ ಕಾಲು ಚಾಚಿ ಸುಟ್ಟುಕೊಳ್ಳುವುದೂ ಉಂಟು. ಅವರಿಗೆ ಬೆಂಕಿಗಿಂತ ಉಣ್ಣೆಯ ಕಾಲುಚೀಲವೇ ಹಿತ.

ಎಲ್ಲರಿಗಿಂತ ಹೆಚ್ಚು ಅಪಾಯವಿರುವುದು ಹಸುಗೂಸಿಗೆ. ನವಜಾತ ಶಿಶುವಿನ ಮೈಯ ಉಷ್ಣತೆ 36.5ರಿಂದ 37.5 ಡಿಗ್ರಿಯೊಳಗೆ ಇರಬೇಕು. ಅದಕ್ಕೆ ನಡುಗಿ ಶಾಖ ಹುಟ್ಟಿಸಿಕೊಳ್ಳುವ ಶಕ್ತಿ ಇಲ್ಲ. ಮೈಯ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು. ತಲೆಯಿಂದಲೇ ಬಹಳಷ್ಟು ಶಾಖ ಹೋಗುತ್ತದೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಿಗಂತೂ ನಾವು ಸುಖಕರವೆನ್ನುವ ಇಪ್ಪತ್ತು ಡಿಗ್ರಿಯೂ ಚಳಿಯೇ. ಹುಟ್ಟಿದ ಇಪ್ಪತ್ತನಾಲ್ಕು ಗಂಟೆಗಳ ತನಕ ಸ್ನಾನ ಮಾಡಿಸದಿರುವುದು, ತಲೆಗೆ ಕುಲಾವಿ ಹಾಕುವುದು, ಬೇಗ ಎದೆಹಾಲು ಕೊಡುವುದು, ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಅಪ್ಪಿಸಿ ಮೇಲೆ ಹೊದಿಕೆ ಹೊದಿಸುವುದು, ಇವಿಷ್ಟರಿಂದಲೇ ಅನೇಕ ಜೀವಗಳು ಉಳಿಯುತ್ತವೆ. ಈ ಕೊನೆಯ ಕ್ರಮವನ್ನು ಕಾಂಗರೂ ಆರೈಕೆ ಎನ್ನುತ್ತಾರೆ. ನಮ್ಮದೇ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿ ಅದನ್ನು ವ್ಯಾಪಕವಾಗಿ ಆಚರಣೆಗೆ ತರುವ ಪ್ರಯತ್ನ ನಡೆದಿದೆ.

ಇಲ್ಲಿ ಒಂದು ಕಹಿಯಾದ ಮಾತನ್ನು ಆಡದೆ ವಿಧಿಯಿಲ್ಲ. 2023ರ ಜುಲೈ ತಿಂಗಳಲ್ಲಿ, ನೆರೆಯ ತುಮಕೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ, ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಕೂಸನ್ನೂ ಊರ ಹೊರಗಿನ ಗುಡಿಸಿಲಿನಲ್ಲಿ ಇರಿಸಲಾಗಿತ್ತು. ಮಳೆ ಗಾಳಿಯ ಶೀತಕ್ಕೆ ಸಿಕ್ಕ ಆ ಕೂಸು ಬದುಕಲಿಲ್ಲ. ಅದು ಮಾಗಿಯ ಕಾಲವೂ ಆಗಿರಲಿಲ್ಲ. ನಮ್ಮ ಹಿರಿಯೂರು, ಚಿತ್ರದುರ್ಗ ತಾಲ್ಲೂಕುಗಳ ಕೆಲವೆಡೆಯೂ ಇಂತಹ ಆಚರಣೆ ಇದ್ದುದನ್ನು ಬಲ್ಲವರಿದ್ದಾರೆ. ಇದನ್ನು ಒಂದು ಸಮುದಾಯವನ್ನು ಹಳಿಯಲು ನಾವು ಹೇಳುತ್ತಿಲ್ಲ. ಶರಣರ ಅನುಯಾಯಿಗಳೆಂದು ಹೇಳಿಕೊಳ್ಳುವ ನಮ್ಮ ಮನೆಗಳಲ್ಲಿಯೂ ಬಾಣಂತಿಗೆ ಸಿಗುವುದು ಹಿತ್ತಿಲ ಕಡೆಯ, ಬಿಸಿಲು ಕಾಣದ, ಕೆಳಮಟ್ಟದ ಕೋಣೆಯೇ ಅಲ್ಲವೇ? ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಜನನಸೂತಕ ಅವುಗಳಲ್ಲಿ ಒಂದು. ಸೂತಕವಿಲ್ಲವೆಂದು ಬಾಯಲ್ಲಿ ಹೇಳಿದರೆ ಸಾಲದು. ಮನೆಯಲ್ಲಿ ಅತ್ಯಂತ ಬೆಚ್ಚನೆಯ ಕೋಣೆ ಯಾವುದೋ ಅದನ್ನು ತಾಯಿಮಗುವಿಗೆ ಬಿಟ್ಟುಕೊಡಬೇಕು. ಆ ಕೋಣೆ ಯಾವುದೆಂದು ಉಷ್ಣಮಾಪಕ ಹೇಳುತ್ತದೆ.

ಮಠಗಳ ಉಚಿತ ಪ್ರಸಾದ ನಿಲಯಗಳ ಬಗೆಗೂ ನಾವು ಚಿಂತಿಸಬೇಕಾಗಿದೆ. ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ ನೀಡಿದ ಈ ಸಂಸ್ಥೆಗಳ ಋಣ ದೊಡ್ಡದು. ಬೆಳಗಿನ ಜಾವದಲ್ಲಿ ಎದ್ದು, ತಣ್ಣೀರು ಮಿಂದು, ಪೂಜೆ ಪ್ರಾರ್ಥನೆಗೆ ಕೂಡುವುದು ಅಲ್ಲಿನ ಶಿಸ್ತಿನ ಭಾಗವಾಗಿ ಬಂದಿದೆ. ಮಕ್ಕಳು ಗಟ್ಟಿಯಾಗುತ್ತಾರೆ ಎಂಬ ನಂಬಿಕೆ ಇದರ ಹಿಂದಿದೆ. ಆರೋಗ್ಯವಂತ ಮಗು ಇದನ್ನು ತಾಳಿಕೊಂಡೀತು. ರಕ್ತಹೀನತೆಯ ಮಗು, ಉಬ್ಬಸದ ಮಗು, ಜ್ವರದಿಂದ ಎದ್ದ ಮಗು ತಾಳಲಾರದು. ಅವರನ್ನೆಲ್ಲ ಒಂದೇ ಗಂಟೆಗೆ, ಒಂದೇ ನೀರಿಗೆ ನಿಲ್ಲಿಸುವುದು ಶಿಸ್ತಿನ ಅರ್ಥವಾಗಲಾರದು. ಶಿವಪೂಜೆಗೆ ಶುಚಿ ಬೇಕು, ನಡುಕ ಬೇಕಿಲ್ಲ. ಕಾಯವನ್ನು ಪೂಜ್ಯವೆಂದು ಕಂಡ, ಕಾಯಕಕ್ಕೆ ಅದನ್ನು ಆಧಾರವಾಗಿಸಿದ ಪರಂಪರೆ ನಮ್ಮದು. ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಮಾರ್ಗಸೂಚಿಯಲ್ಲಿ ಚಳಿಗಾಲದ ಮನೆಯೊಳಗಿನ ಉಷ್ಣತೆ 18 ಡಿಗ್ರಿಗಿಂತ ಇಳಿಯದಿರುವುದು ಕ್ಷೇಮವೆಂದಿದೆ. ಅದು ತಂಪು ದೇಶಗಳನ್ನು ಕುರಿತು ಹೇಳಿದ ಮಾತಾದರೂ, ಮಕ್ಕಳು ನೆಲದ ಮೇಲೆ ಮಲಗುವ ನಮ್ಮ ಹಾಲ್‌ಗಳು ಆ ಗೆರೆಯ ಯಾವ ಕಡೆಗಿವೆ ಎಂಬುದನ್ನಾದರೂ ನಾವು ನೋಡಿಕೊಳ್ಳಬೇಕು.

ಸರ್ಕಾರದ ವ್ಯವಸ್ಥೆ ಇದೆಯಲ್ಲ ಎಂಬ ಪ್ರಶ್ನೆ ಸಹಜ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಸ್ಥಾಪಿಸಿರುವುದು ಮೆಚ್ಚತಕ್ಕ ಕೆಲಸ. ಮಳೆಯ ವಿಷಯದಲ್ಲಿ ಒಂದು ಊರಿಗೂ ಇನ್ನೊಂದು ಊರಿಗೂ ಅಂತರವಿದೆ ಎಂಬುದನ್ನು ಆಡಳಿತ ಒಪ್ಪಿದೆ. ಬೆಳೆವಿಮೆಯ ಲೆಕ್ಕವೂ ಅದರ ಮೇಲೆ ನಡೆಯುತ್ತದೆ. ಚಳಿಯ ವಿಷಯದಲ್ಲಿಯೂ ಅಷ್ಟೇ ಗೌರವ ಸಲ್ಲಲಿ ಎಂಬುದು ನಮ್ಮ ಬೇಡಿಕೆ. ಹೋಬಳಿಯ ಅಂಕಿಗಳು ಪ್ರಾಥಮಿಕ ಆರೋಗ್ಯ ಕೇಂದ್ರದ ಹಲಗೆಯ ಮೇಲೆ ದಿನವೂ ಕಾಣಲಿ. ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಹೋಗುವಾಗ ಅವು ಅವರ ಕೈಯಲ್ಲಿರಲಿ. ಆದರೂ ಹೋಬಳಿಯೊಳಗಿನ ತಗ್ಗು ಏರುಗಳ ಅಂತರವನ್ನು ಒಂದು ಕೇಂದ್ರ ಹೇಳಲಾರದು. ಅದು ನಮ್ಮ ಕೆಲಸ.

ಆ ಕೆಲಸ ಕಷ್ಟದ್ದಲ್ಲ. ಗರಿಷ್ಠ ಕನಿಷ್ಠಗಳೆರಡನ್ನೂ ತೋರಿಸುವ ಸಾಮಾನ್ಯ ಉಷ್ಣಮಾಪಕವೊಂದರ ಬೆಲೆ ಒಂದು ಒಳ್ಳೆಯ ಚಳ್ಳಕೆರೆ ಕಂಬಳಿಯ ಬೆಲೆಯನ್ನು ಮೀರದು. ಅದನ್ನು ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ, ಬಿಸಿಲು ತಾಗದ, ಗಾಳಿಯಾಡುವ ನೆರಳಿನಲ್ಲಿ, ಗೋಡೆ ಮತ್ತು ಸಿಮೆಂಟಿನ ನೆಲದಿಂದ ದೂರವಿರಿಸಬೇಕು. ಬೆಳಿಗ್ಗೆ ಎಂಟಕ್ಕೆ ಕನಿಷ್ಠ ಉಷ್ಣತೆಯನ್ನು ಓದಿ ಬರೆದು, ಮರುದಿನಕ್ಕೆ ಸಿದ್ಧಗೊಳಿಸಬೇಕು. ಪ್ರತಿ ಊರಿನಲ್ಲಿ ಮೂರು ಮಾಪಕಗಳಿದ್ದರೆ ಒಳ್ಳೆಯದು: ಕೆರೆ ಅಥವಾ ಹಳ್ಳದ ಬಳಿಯ ತಗ್ಗಿನಲ್ಲಿ ಒಂದು, ಊರ ನಡುವೆ ಒಂದು, ಏರಿನ ಮೇಲೆ ಒಂದು. ಡಿಸೆಂಬರ್ ಮೊದಲಿನಿಂದ ಜನವರಿ ಕೊನೆಯ ತನಕ ಪ್ರೌಢಶಾಲೆಯ ಮಕ್ಕಳು ಇದನ್ನು ಬರೆದಿಟ್ಟರೆ ಊರಿನ ಚಳಿಯ ನಕ್ಷೆ ತಾನಾಗಿ ಮೂಡುತ್ತದೆ. ಮಕ್ಕಳಿಗೆ ವಿಜ್ಞಾನದ ಪಾಠವೂ ಆಗುತ್ತದೆ. ನಾಲ್ಕನೆಯ ಮಾಪಕ ಪ್ರಸಾದ ನಿಲಯದ ಮಲಗುವ ಕೋಣೆಯೊಳಗಿರಲಿ. ಅದು ಹದಿನೆಂಟಕ್ಕಿಂತ ಕೆಳಗಿಳಿದ ದಿನ ಮಕ್ಕಳಿಗೆ ಬಿಸಿನೀರು, ಒಂದು ಗಂಟೆ ತಡವಾದ ಸ್ನಾನ, ಹೆಚ್ಚುವರಿ ಹೊದಿಕೆ ಎಂಬ ನಿಯಮವಾಗಲಿ.

ಉತ್ಸವಗಳನ್ನು ಏರ್ಪಡಿಸುವವರೂ ಈ ನಕ್ಷೆಯನ್ನು ನೋಡಲಿ. ನವೆಂಬರಿನಲ್ಲಿ ಸಾಣೇಹಳ್ಳಿಯ ನಾಟಕೋತ್ಸವ, ಮಾಘದಲ್ಲಿ ತರಳಬಾಳು ಹುಣ್ಣಿಮೆ, ಹಿರಿಯೂರಿನಲ್ಲಿ ತೇರುಮಲ್ಲೇಶ್ವರ ಸ್ವಾಮಿಯ ತೇರು, ಹೀಗೆ ನಮ್ಮ ಸೀಮೆಯ ದೊಡ್ಡ ಕೂಟಗಳು ಚಳಿಗಾಲದ ಆಸುಪಾಸಿನಲ್ಲಿಯೇ ನಡೆಯುತ್ತವೆ. ಜನ ರಾತ್ರಿ ಬಹಳ ಹೊತ್ತು ಬಯಲಿನಲ್ಲಿರುತ್ತಾರೆ. ಇಂತಹ ಯಾವುದೇ ಕೂಟದಲ್ಲಿ ವೃದ್ಧರಿಗೆ, ಕೂಸಿನ ತಾಯಂದಿರಿಗೆ ತಗ್ಗಿನಲ್ಲಿ ಅಲ್ಲದೆ ಏರಿನ ಕಡೆ, ಗಾಳಿಗೆ ಮರೆಯಿರುವಲ್ಲಿ, ನೆಲಕ್ಕೆ ದಪ್ಪ ಹಾಸಿನೊಡನೆ ಜಾಗ ಮೀಸಲಿಡುವುದಕ್ಕೆ ಹೆಚ್ಚಿನ ಖರ್ಚೇನೂ ತಗಲದು.

ದಾಸೋಹವೆಂದರೆ ಅನ್ನವೊಂದೇ ಅಲ್ಲ. ಎದುರಿನ ಜೀವಕ್ಕೆ ಈ ಹೊತ್ತು ಏನು ಬೇಕೆಂದು ಅರಿತು ಕೊಡುವುದೂ ದಾಸೋಹವೇ. ಈ ಮಾಗಿಯಲ್ಲಿ ಕಂಬಳಿ ದಾನ ಮಾಡಬೇಕೆಂದಿರುವ ಸದ್ಭಕ್ತರು, ಕಂಬಳಿಗಳ ಜೊತೆಗೆ ತಮ್ಮೂರಿನ ಶಾಲೆಗೆ ಒಂದು ಉಷ್ಣಮಾಪಕವನ್ನೂ ಕೊಡಲಿ. ಮೊದಲ ಕಂಬಳಿ ಯಾವ ಮನೆಗೆ ಸೇರಬೇಕೆಂಬುದನ್ನು ಅದು ತಿಳಿಸುತ್ತದೆ.